ಡೈರಿಯಲ್ಲಿ ಬರೆದ ಹೆಸರು

ಜಯಶ್ರೀ ಅಕ್ಕ,

ನನ್ನ ಅಕ್ಷರ ಚೆಂದ ಇಲ್ಲ, ತಪ್ಪುಗಳೂ ಇರುತ್ತವೆ, ಬೇಸರ ಮಾಡಿಕೊಳ್ಳಬೇಡ. ಬೆಳಂಬಾರದ ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ನಿನ್ನ ಹೆಸರಿನ ‘ಶ್ರೀ’ಯನ್ನೇ ಮೂರು ಸಲ ತಿದ್ದಿದ್ದೇನೆ. ನೀನು ತೀರಿಕೊಂಡ ಮರುವರ್ಷ ನಾನು ನಿನ್ನ ಗಂಡನನ್ನು ಮದುವೆಯಾಗಿ ಈ ಮನೆಗೆ ಬಂದೆ. ನಿನ್ನನ್ನು ಕಂಡದ್ದು ಗೋಡೆಯ ಫೋಟೋದಲ್ಲಷ್ಟೇ.

ನಿನ್ನ ಮಗಳು ಪೂರ್ವಿ ಈಗ ಎರಡನೆಯ ಇಯತ್ತೆ. ಚಿಕ್ಕಮ್ಮ ಎಂದು ನನ್ನನ್ನು ‘ಚಿಕ್ಕಿ’ ಎನ್ನುತ್ತಾಳೆ. ನಿನ್ನೆ ಅವಳ ಶಾಲೆಯ ಡೈರಿಯಲ್ಲಿ ‘ತಾಯಿಯ ಹೆಸರು’ ಎಂದಿದ್ದಲ್ಲಿ ನಾನು ಪೆನ್ಸಿಲಿನಿಂದ ‘ಮಾದಿ’ ಎಂದು ಬರೆದೆ.

“ಚಿಕ್ಕಿ, ತಪ್ಪು ಬರ್ದೆ ನೀನು. ಇದು ಅವ್ವಿ ಹೆಸ್ರು ಬರಿಯೂ ಜಾಗ.”

“ನಿಂಗೆ ಮೀಯ್ಸೂದು ಯಾರು? ತಲೆ ಹೇನು ತೆಗಿಯೂದು ಯಾರು?”

“ನೀನೇಯ. ಆದ್ರೆ ನೀನು ಚಿಕ್ಕಿ ಅಲ್ವ?” ಎಂದು ನಗುತ್ತಲೇ ರಬ್ಬರು ಉಜ್ಜಿದಳು. ‘ದಿ’ ಹೋಯಿತು. ‘ಮಾ’ ಮುಟ್ಟುವ ಮೊದಲೇ ನಾನು ರಬ್ಬರು ಕಸಿದು ಅಂಗಳಕ್ಕೆ ಎಸೆದೆ. ಅವಳು ಅಳಲಿಲ್ಲ. ನಿನ್ನ ಫೋಟೋದ ಕೆಳಗೆ ಹೋಗಿ ನಿಂತಳು.

ನಿನಗೇನು ಅಕ್ಕ, ಅವಳನ್ನು ಒಂದು ದಿನವೂ ಬೈಯಬೇಕಾಗಿಲ್ಲ. ಗೋಡೆಯ ಮೇಲೆ ನಗುತ್ತಿದ್ದರೆ ಸಾಕು. ನನ್ನ ಹೊಟ್ಟೆ ಉರಿಯುತ್ತದೆ. ಸತ್ತವಳ ಮೇಲೆ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಲಿ?

ಇವತ್ತು ಬೆಳಿಗ್ಗೆ ಅವಳು ಏಳುವ ಮೊದಲು ಹುಡುಕಿದೆ. ಅಬ್ಬಲಿಗೆ ಗಿಡದ ಬುಡದಲ್ಲಿ ರಬ್ಬರು ಸಿಕ್ಕಿತು. ಮಣ್ಣು ಒರೆಸಿ, ಉಳಿದಿದ್ದ ‘ಮಾ’ವನ್ನು ನಾನೇ ಅಳಿಸಿ, ಡೈರಿಯನ್ನು ಅವಳ ಚೀಲದಲ್ಲಿಟ್ಟೆ. ನಿನ್ನ ಹೆಸರನ್ನು ನಾನು ಬರೆಯಲಿಲ್ಲ. ಅವಳೇ ಬರೆಯಲಿ ಎಂದು ಪೆನ್ಸಿಲು ಚೂಪು ಮಾಡಿಟ್ಟಿದ್ದೇನೆ.