ಹನ್ನೊಂದು ಮನಿ ಕೀಲಿ

ಸೌಂದರ್ಯಾನ ಅಪ್ಪಾರ,

ನೀವು ಹೋಟೆಲ್ ಚಹಾ ಕುಡದು ಬರೋದ್ರಾಗ ನಾವು ಎಳ್ಳಮಾಸಿ ಹಬ್ಬಕ್ಕ ಚರಗ ಚೆಲ್ಲಿ ಭೂಮಿತಾಯಿಗೆ ನೈವೇದ್ಯ ಕೊಡಲಿಕ್ಕ ಕಮಲಾಪುರದ ಹೊಲಕ್ಕ ಹೋಗಿರ್ತೀವಿ. ಹಿಂದಿಂದ ಬರಬ್ಯಾಡ್ರಿ, ಮನಿ ಕಾಯ್ರಿ.

ರಜಾದಾಗ ಊರಿಗೆ ಹೋಗೋ ಸುದ್ದಿ ವಾಟ್ಸಾಪ್ ಗ್ರೂಪಿನ್ಯಾಗ ಹಾಕಬ್ಯಾಡ್ರಿ ಅಂತ ನಮ್ಮ ಗಾಜಿಪುರ ಓಣಿ ಮಂದಿಗೆಲ್ಲ ಬುದ್ಧಿ ಹೇಳಿದ ಓಣಿ ಅಧ್ಯಕ್ಷರು ನೀವು. ನಿನ್ನೆ ಅದೇ ಗ್ರೂಪಿನ್ಯಾಗ "ನಾಳೆ ನಮ್ಮನಿಗೆ ಬೀಗ, ಎಲ್ಲಾರೂ ನಮ್ಮ ಹೊಲಕ್ಕ ಭಜ್ಜಿ ಉಣ್ಣಲಿಕ್ಕ ಬರ್ರಿ" ಅಂತ ಹಾಕಿದವರೂ ನೀವ! ಕಳ್ಳರನ್ನ ಹೆಸರು ಹಿಡದು ಕರಿಯೋದೊಂದು ಬಾಕಿ ಇತ್ತು.

ಹಿತ್ತಲ ಬಾಗಿಲ ಚಿಲಕ ಹಾಕ್ಕೋರಿ. ನಿಮಗ ಹಬ್ಬದ ಭಜ್ಜಿ ಪಲ್ಯಾ ಇಟ್ಟಿಲ್ಲ, ನಿನ್ನಿ ಅನ್ನ ಅದ.

ನಿಮ್ಮ ಮಾತು ಕೇಳಿ ಓಣಿ ಮಂದಿ ಎಲ್ಲಾ ನಮ್ಮ ಜೋಡಿ ಹೊಂಟಾರ. ಅಧ್ಯಕ್ಷರು ಮನ್ಯಾಗೇ ಇರ್ತಾರ ಅಂತ ನಾನೇ ಹೇಳೀನಿ. ಹನ್ನೊಂದು ಮನಿ ಕೀಲಿ ಟೇಬಲ್ ಮ್ಯಾಲ ಅವ. ಫೋಟೊ ಹೊಡದು ಗ್ರೂಪಿನ್ಯಾಗ ಹಾಕೀರಿ ಮತ್ತ!