ಅಮ್ಮನ ಸ್ಟೇಷನ್

ಭಾನುವಾರ, ಮಧ್ಯಾಹ್ನ

ಅಕ್ಕಾ,

ನೀನು ಫೋನ್ ಕುಕ್ಕಿದ ಮೇಲೆ ಮತ್ತೆ ಮಾಡಲು ಧೈರ್ಯ ಬರಲಿಲ್ಲ. ನನಗೆ ಬಾಯಿಗಿಂತ ಕೈಯೇ ವಾಸಿ ಎಂದು ನಿನಗೆ ಗೊತ್ತಲ್ಲ, ಅದಕ್ಕೇ ಈ ಕಾಗದ. ಮತ್ತದೇ ರಕ್ತಪರೀಕ್ಷೆಯ ಮಾತೆಂದು ಹರಿದು ಹಾಕಬೇಡ.

ಪ್ರಯೋಗಾಲಯದಲ್ಲಿ ನಾನು ತಿದ್ದುವ ವರದಿಗಳಲ್ಲಿ ಅರ್ಧ ನನಗೆ ಅರ್ಥವಾಗುವುದಿಲ್ಲ. ಇದೊಂದು ಅರ್ಥವಾಯಿತು. ನಮ್ಮ ಜೀವಕೋಶಗಳಲ್ಲಿ ತೀರ ಪುಟ್ಟ ಪ್ರೋಟೀನುಗಳಿವೆಯಂತೆ. ಪ್ರೋಟೀನು ಮಣಿಸರವಿದ್ದಂತೆ, ನೂರು ಮಣಿಗಿಂತ ಗಿಡ್ಡವಾದದ್ದನ್ನೆಲ್ಲ ಪ್ರೋಟೀನು ಹುಡುಕುವ ಕಂಪ್ಯೂಟರು ಕಸವೆಂದು ಜರಡಿ ಹಿಡಿದು ಚೆಲ್ಲುತ್ತಿತ್ತು. ಯಾರೂ ಆ ಕಸವನ್ನು ಕೆದಕಲಿಲ್ಲ. "ಪಾಪ, ಮೂರ್ತಿನೂ ಚಿಕ್ಕದು, ಕೀರ್ತಿನೂ ಇಲ್ಲ" ಎಂದು ನಮ್ಮ ಹಿರಿಯ ವಿಜ್ಞಾನಿ ಮೇಡಂ ನಗುತ್ತಾರೆ. ಅಂಥದ್ದೊಂದು ಪ್ರೋಟೀನು, ಹಿಂಡಿದ ಹೃದಯ ಮತ್ತೆ ಸಡಿಲಗೊಳ್ಳಲು ಬೇಕು. ಅಮ್ಮ ಹೋದಾಗ ಆಸ್ಪತ್ರೆಯವರು ತೆಗೆದಿಟ್ಟಿದ್ದ ಅವಳ ಹೃದಯದ ಚೂರನ್ನು ಅಪ್ಪನ ಒಪ್ಪಿಗೆ ಪಡೆದು ಮೇಡಂ ಪರೀಕ್ಷಿಸಿದರು. ಅದರಲ್ಲಿ ಆ ಪ್ರೋಟೀನೇ ಕೆಟ್ಟಿತ್ತು.

ಅಮ್ಮನ ರಿಪೋರ್ಟುಗಳೆಲ್ಲ ಸರಿಯಾಗಿಯೇ ಇರುತ್ತಿದ್ದವು, ನೆನಪಿದೆಯಾ? ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಕಳಿಸುತ್ತಿದ್ದರು. ಅಜ್ಜಿ ಮೈಗಳ್ಳಿ ಎನ್ನುತ್ತಿದ್ದಳು. ಮೆಟ್ಟಿಲ ತಿರುವಿನಲ್ಲಿ ಅಮ್ಮ ಕೂತುಬಿಟ್ಟರೆ ನೀನು ಮೇಲಿನಿಂದ ಕೂಗುತ್ತಿದ್ದೆ: "ಅಮ್ಮನ ಸ್ಟೇಷನ್ ಬಂತು, ಇಳಿಯೋರು ಇಳೀರಪ್ಪಾ." ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಆ ಕೈ ನಗು ಮುಚ್ಚಲಿಕ್ಕಲ್ಲ, ಏದುಸಿರು ಮುಚ್ಚಲಿಕ್ಕೆ ಇತ್ತೇನೋ ಎಂದು ಈಗ ಅನಿಸುತ್ತದೆ.

ಇದು ತಾಯಿಯಿಂದ ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು. ಮದ್ದು ಇನ್ನೂ ಇಲ್ಲ. ನಿನಗೆ ಸುಳ್ಳು ಹೇಳಲಾರೆ. ಆದರೆ ನೀನೀಗ ಬಸುರಿ. ಹೃದಯಕ್ಕೆ ಹೊರೆ ಹೆಚ್ಚುವ ಕಾಲ. ಮೊದಲೇ ಗೊತ್ತಿದ್ದರೆ ಹೆರಿಗೆಯ ಹೊತ್ತಿಗೆ ಹೃದಯದ ಡಾಕ್ಟರು ಪಕ್ಕದಲ್ಲಿರುತ್ತಾರೆ. "ಅಮ್ಮನೇ ಹೋದ್ಮೇಲೆ ಆ ಕಾಯಿಲೆ ಹೆಸರು ಕಟ್ಕೊಂಡು ಏನ್ ಮಾಡ್ಲೇ" ಅಂದೆಯಲ್ಲ, ಆ ಹೆಸರಿಲ್ಲದೆಯೇ ಅಕ್ಕಾ, ಅವಳು ಸುಳ್ಳುಗಾತಿ ಅನ್ನಿಸಿಕೊಂಡು ಹೋದದ್ದು.

ನಿನ್ನ ರಕ್ತಪರೀಕ್ಷೆಗೆಂದು ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ. ಬೈಯುವುದಿದ್ದರೆ ಅಲ್ಲಿಗೇ ಬಂದು ಬೈಯಿ.

ನಿನ್ನ ಬಾಲಂಗೋಚಿ

ಮರೆತದ್ದಲ್ಲ, ಬರೆಯಲಾಗದೆ ಕೊನೆಗೆ ತಳ್ಳಿದ್ದು: ನನ್ನ ಫಲಿತಾಂಶ ಬಂದಿದೆ. ಅಮ್ಮನದೇ. ಅಪ್ಪನಿಗೆ ಹೇಳಿಲ್ಲ. ಮೊನ್ನೆ ಪ್ರಯೋಗಾಲಯದ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ತಿರುವಿನಲ್ಲಿ ಕೂತುಬಿಟ್ಟೆ. ಹತ್ತುವವರು ಪಕ್ಕಕ್ಕೆ ಸರಿದು ಹತ್ತಿದರು. ಸ್ಟೇಷನ್ ಬಂತೆಂದು ಕೂಗಲು ಮೇಲೆ ನೀನಿರಲಿಲ್ಲ.