ಸಂಡಿಗೆ ಕಾಯುತ್ತ ಕಲಿತ ಒತ್ತಕ್ಷರ

ಪುರಸೈವಾಕ್ಕಂ, ಮದರಾಸು
೧೬ ಜನವರಿ ೧೯೮೩

ಚಿ. ಸೌ. ಅನಸೂಯಳಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಈ ಒಂದು ಮಾತನ್ನು ಬೇರೆ ಹಾಳೆಯಲ್ಲಿ ಮೂರು ಸಲ ಬರೆದು ನೋಡಿಕೊಂಡು ಆಮೇಲೆ ಇಲ್ಲಿಗೆ ಇಳಿಸಿದ್ದೇನೆ. ನಿನ್ನ ದೀಪಾವಳಿಯ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರುತ್ತಿದೆಯೆಂದು ಕೋಪ ಮಾಡಿಕೊಳ್ಳಬೇಡ. ನಾಲ್ಕು ಇನ್‌ಲ್ಯಾಂಡ್ ಹಾಳು ಮಾಡಿದೆ. ನನ್ನ ಅಕ್ಷರ ದಪ್ಪ, ಅದರಲ್ಲಿ ಹಿಡಿಸುವುದಿಲ್ಲ. ಈಗ ನಿನ್ನ ತಂಗಿ ಸೀತಾಳ ಹಳೆಯ ನೋಟುಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ.

ಕೈಬರಹ ನೋಡಿ ಯಾರದಪ್ಪಾ ಇದು ಎಂದು ಗಾಬರಿಯಾದೆಯೇನೋ. ನಿಮ್ಮಪ್ಪ ಚೆನ್ನಾಗಿದ್ದಾರೆ. ಇಷ್ಟು ವರ್ಷ ಕಾಗದಗಳನ್ನೆಲ್ಲ ಅವರೇ ಬರೆಯುತ್ತಿದ್ದರು, ನಾನು ಕೊನೆಯಲ್ಲಿ ‘ಅಮ್ಮ’ ಎಂದು ಹಾಕುತ್ತಿದ್ದೆ. ಅಪ್ಪನ ಅಕ್ಷರ ಚಂದ, ಅದಕ್ಕೇ ಅವರು ಬರೆಯುತ್ತಾರೆ ಎಂದು ನೀವಿಬ್ಬರೂ ತಿಳಿದಿದ್ದಿರಿ. ನಿಜ ಹೇಳುತ್ತೇನೆ, ನಗಬೇಡ. ನನಗೆ ಒತ್ತಕ್ಷರ ಬರುತ್ತಿರಲಿಲ್ಲ. ಕಾಗುಣಿತ ಮುಗಿಯುವ ಹೊತ್ತಿಗೆ ನನ್ನ ತಾಯಿ ತೀರಿಕೊಂಡರು, ತಮ್ಮನನ್ನು ನೋಡಿಕೊಳ್ಳಲೆಂದು ಶಾಲೆ ಬಿಡಿಸಿದರು. ಶನಿವಾರ ಹಾಡಿನ ಪುಸ್ತಕ ಹಿಡಿದು ಕೂರುತ್ತಿದ್ದೆನಲ್ಲ, ಅದೆಲ್ಲ ಬಾಯಿಪಾಠ. ಸರಿಯಾದ ಜಾಗದಲ್ಲಿ ಪುಟ ತಿರುಗಿಸುವುದೊಂದೇ ನನ್ನ ಜಾಣತನ. ‘ಅಮ್ಮ’ ಎಂಬುದನ್ನು ನಿಮ್ಮಪ್ಪ ಬರೆದು ತೋರಿಸಿದ್ದರು, ರಂಗೋಲಿ ಎಳೆದಂತೆ ಎಳೆಯುತ್ತಿದ್ದೆ.

ಆಷಾಢದಲ್ಲಿ ಅವರ ಕಣ್ಣಿನ ಪೊರೆ ತೆಗೆದರು. ಓದುವುದು ಬರೆಯುವುದು ಕೂಡದೆಂದರು ಡಾಕ್ಟರು. ಅದೇ ವಾರ ಕಿಟ್ಟುವಿಗೆ ಜ್ವರವೆಂದು ನೀನು ಬರೆದ ಕಾಗದ ಬಂತು. ಒಡೆದು ನೋಡಿದೆ. ಬಿಡಿ ಅಕ್ಷರಗಳು ಸಿಕ್ಕವು, ಕೆಳಗೆ ಏನಾದರೂ ತೂಗುಬಿದ್ದ ಕಡೆಯೆಲ್ಲ ನಿಂತುಬಿಟ್ಟೆ. ಮಗು ಮಲಗಿದೆಯೋ ಎದ್ದು ಆಡುತ್ತಿದೆಯೋ ತಿಳಿಯಲಿಲ್ಲ. ನಾಲ್ಕು ದಿನ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ. ಕೊನೆಗೆ ಕನ್ನಡಕ ಸಿಗುತ್ತಿಲ್ಲವೆಂದು ಸುಳ್ಳು ಹೇಳಿ ಎದುರು ಮನೆಯ ಊರ್ಮಿಳಾ ಕೈಯಲ್ಲಿ ಓದಿಸಿದೆ.

ಊರ್ಮಿಳಾ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾಳೆ. ಭಾನುವಾರ ಬೆಳಿಗ್ಗೆ ನಮ್ಮ ಮಹಡಿಯ ಮೇಲೆ ಬೀದಿಯ ಕನ್ನಡದವರ ಮಕ್ಕಳಿಗೆಲ್ಲ ಪಾಠ ಮಾಡುತ್ತಾಳೆ. ನಾನು ಸಂಡಿಗೆ ಒಣಹಾಕಿ, ಕಾಗೆ ಓಡಿಸುವ ನೆಪದಲ್ಲಿ ಮೂಲೆಯಲ್ಲಿ ಕೂತು, ನೆಲದ ಮೇಲೆ ಬೆರಳಿನಿಂದ ಬರೆದುಕೊಳ್ಳುತ್ತಿದ್ದೆ. ಅಕ್ಟೋಬರಿನ ಮಳೆ ಹಿಡಿಯುವವರೆಗೂ ಯಾರಿಗೂ ಅನುಮಾನ ಬರಲಿಲ್ಲ. ಒಂದು ಭಾನುವಾರ ಮೋಡ ಕವಿದಿತ್ತು. ಅವಳು ಹತ್ತಿರ ಬಂದು ಮೆಲ್ಲಗೆ, “ಮಾಮಿ, ಮಳೆಗಾಲದಲ್ಲಿ ಯಾರು ಸಂಡಿಗೆ ಹಾಕ್ತಾರೆ? ಮುಂದೆ ಬಂದು ಕೂತ್ಕೊಳ್ಳಿ, ಸ್ಲೇಟ್ ಇದೆ” ಅಂದಳು. ನಾಚಿಕೆಯಾಯಿತು. ಹೋಗಿ ಕೂತೆ.

ಈ ಮಕ್ಕಳು ಸ್ಕೂಲಿನಲ್ಲಿ ತಮಿಳು ಕಲಿಯುವವರು. ಅಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ, ನಮ್ಮಲ್ಲಿ ಒಂದರ ಕೆಳಗೆ ಇನ್ನೊಂದು. ಅರ್ಧ ಮಕ್ಕಳ ಅಪ್ಪಂದಿರು ರೈಲ್ವೆಯವರಾದ್ದರಿಂದ ಊರ್ಮಿಳಾ ರೈಲನ್ನೇ ಹಿಡಿದಳು. “ಅಪ್ಪರ್ ಬರ್ತ್‌ನವರು ಮೊದಲು, ಚುಟುಕಾಗಿ. ಲೋವರ್ ಬರ್ತ್‌ನವರು ಆಮೇಲೆ, ಆರಾಮಾಗಿ. ಪುಸ್-ತ-ಕ.” ‘ಸ್ನೇಹ’ ಬಂದಾಗ, ಏತ್ವ ಮೇಲಿನ ಸಕಾರಕ್ಕೆ ಅಂಟಿರುವುದನ್ನು ಕಂಡು ಎಲ್ಲರೂ ತಡವರಿಸಿದೆವು. ಆಗ ಅವಳು, “ಲಗೇಜ್ ಮೇಲೆ ಇಟ್ಟಿದ್ರೂ ಅದು ಕೆಳಗಿನವರದು” ಎಂದಳು. ನನಗೆ ಫಕ್ಕನೆ ಹೊಳೆಯಿತು ನೋಡು. ನನ್ನ ಪಕ್ಕ ಕೂರುವ ಏಳು ವರ್ಷದ ವಿನೋದಾ ಇನ್ನೂ ಜೋರು. “ಪಾಟ್ಟಿ, ಲೋವರ್ ಬರ್ತ್ ಮರಂದುಟ್ಟೀಂಗ” ಎಂದು, ಈ ಅಜ್ಜಿ ಮರೆತಳೆಂದು ತಮಿಳಿನಲ್ಲಿ ಗದರಿಸಿ ಕನ್ನಡದಲ್ಲಿ ತಿದ್ದುತ್ತಾಳೆ.

ನಿಮ್ಮಪ್ಪನಿಗೆ ತಿಳಿದ ದಿನ, “ಇನ್ನು ಕಲೆಕ್ಟರ್ ಪರೀಕ್ಷೆಗೆ ಕಟ್ತೀಯೇನೇ?” ಎಂದು ನಕ್ಕರು. ಆಮೇಲೆ ಅವರಿಗೇ ರುಚಿ ಹತ್ತಿತು. ಬೆಳಿಗ್ಗೆ ಕಾಫಿಯಾದ ಮೇಲೆ ನಾನು ಪೇಪರು ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ನಾನು ಒಂದು ಸುದ್ದಿ ಮುಗಿಸುವಷ್ಟರಲ್ಲಿ ಮಂತ್ರಿಯೇ ಬದಲಾಗಿರುತ್ತಾನಂತೆ. ಹೇಳಿಕೊಳ್ಳಲಿ. ಮೂವತ್ತಾರು ವರ್ಷದಲ್ಲಿ ಅವರು ನನ್ನ ಬಾಯಿಂದ ಬಂದದ್ದನ್ನು ಇಷ್ಟು ತಾಳ್ಮೆಯಿಂದ ಕೇಳಿದ್ದೇ ಇಲ್ಲ.

ಕಿಟ್ಟುವಿಗೆ ಎಣ್ಣೆನೀರು ತಪ್ಪಿಸಬೇಡ. ಸೊಲ್ಲಾಪುರದ ಚಳಿಗೆ ನಿನ್ನ ಕಾಲು ಒಡೆಯುತ್ತದೆ, ಬೆಣ್ಣೆ ಹಚ್ಚಿಕೋ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಮನೆ ತುಂಬಿರಲಿ, ನೀನು ನಗುತ್ತಿರು.

ಇಂತು ನಿನ್ನ
ಅಮ್ಮ

ಸಹಿ ಹಾಕಿ ಎರಡು ದಿನವಾದ ಮೇಲೆ ಬರೆದದ್ದು:

ನಿನ್ನೆ ಟ್ರಂಕಿನಿಂದ ನಿನ್ನ ಹಳೆಯ ಕಾಗದಗಳನ್ನು ತೆಗೆದು ಓದಿದೆ. ೧೯೭೪ರಲ್ಲಿ ನಿನ್ನ ಮೊದಲ ಕೂಸು ಹೋದಾಗ, ಎರಡು ತಿಂಗಳು ನಮ್ಮಲ್ಲಿ ಬಂದಿರಲೇ ಎಂದು ನೀನು ಕೇಳಿದ್ದೆ. “ನಾಳೇನೇ ರೈಲು ಹತ್ತು ಅಂತ ಬರೀರಿ” ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ನಿಮ್ಮಪ್ಪ ಬರೆದರು. ಕೆಳಗೆ ನಾನು ‘ಅಮ್ಮ’ ಹಾಕಿದೆ. ನೀನು ಬರಲಿಲ್ಲ. ನಿನ್ನ ಉತ್ತರ ಬಂದಾಗ, ಅತ್ತೆ ಕಳಿಸುತ್ತಿಲ್ಲವಂತೆ ಎಂದು ಓದಿ ಹೇಳಿದರು.

ಆ ಉತ್ತರವನ್ನು ಈಗ ನಾನೇ ಓದಿದೆ. ‘ಅಮ್ಮಾ, ನೀನೂ ಈಗ ಬರಬೇಡ ಅಂದಮೇಲೆ ಇನ್ನೆಂದೂ ಕೇಳುವುದಿಲ್ಲ’ ಎಂದಿದೆ. ಅಂದಿನಿಂದ ನೀನು ಇಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಳಿದಿಲ್ಲ.

ಅವರನ್ನು ಕೇಳಿದೆ. “ಸೀತಾ ಮದುವೆ ಮಾತು ನಡೀತಿತ್ತು. ದೊಡ್ಡವಳು ಬಂದು ಕೂತ್ರೆ ಜನ ಏನಂದ್ಕೋತಾರೋ ಅಂತ ಹೆದರ್ಕೊಂಡೆ” ಎಂದರು. ಇವತ್ತು ಬೆಳಿಗ್ಗೆ ಪೇಪರು ಓದು ಎಂದು ಕರೆಯಲಿಲ್ಲ.

ಅವರ ಮೇಲೆ ಕೋಪವಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ನಿನಗೆ ಬರೆಯಬೇಕಾಗಿದ್ದದ್ದು ಒಂದೇ ಅಕ್ಷರ, ಅದಕ್ಕೆ ಒತ್ತೂ ಬೇಡ. ಶಾಲೆ ಬಿಡುವ ಮೊದಲೇ ಅದನ್ನು ಕಲಿತಿದ್ದೆ. ಅವತ್ತೇ ನನ್ನ ಕೈಯಾರೆ ಬರೆಯಬಹುದಿತ್ತು ಮಗಳೇ.

ಬಾ.